ಕೇಸು ಖುಲಾಸೆ ಆಗಿದೆ, ಸರ್ಕಾರಿ ಕೆಲಸದ ವೆರಿಫಿಕೇಶನ್ ಫಾರಂನಲ್ಲಿ ಏನು ಬರೆಯಬೇಕು?

ಹೊಳಲ್ಕೆರೆ ಹುಡುಗ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನ ವಿಷಯ ಕೇಳಬೇಕಿತ್ತು. ಒಂದು ಇಲಾಖೆಯ ಗ್ರೂಪ್ ಸಿ ಹುದ್ದೆಗೆ ಅವನ ಹೆಸರು ಅಂತಿಮ ಆಯ್ಕೆ ಪಟ್ಟಿಯಲ್ಲಿ ಬಂದಿದೆ. ಮೂಲ ದಾಖಲೆ ಪರಿಶೀಲನೆ ಆಯಿತು, ಜಾತಿ ಪ್ರಮಾಣಪತ್ರದ ಸಿಂಧುತ್ವಕ್ಕೆ ಹಾಕಿದ್ದೂ ಆಯಿತು. ಈಗ ಪೊಲೀಸ್ ವೆರಿಫಿಕೇಶನ್ ಫಾರಂ ಕೊಟ್ಟಿದ್ದಾರೆ. ನಿಮ್ಮ ಮೇಲೆ ಯಾವತ್ತಾದರೂ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತೇ, ಬಂಧನ ಆಗಿತ್ತೇ, ಶಿಕ್ಷೆ ಆಗಿತ್ತೇ ಅಂತ ಅದರಲ್ಲಿ ಒಂದು ಕಲಂ ಇದೆ. ಮನೆಯಲ್ಲಿ ಎಲ್ಲರೂ ಅಲ್ಲೇ ನಿಂತುಬಿಟ್ಟಿದ್ದೇವೆ.

ತಮ್ಮನಿಗೆ 19 ವರ್ಷ ಇದ್ದಾಗ ತೋಟದ ಬದುವಿನ ವಿಷಯಕ್ಕೆ ದೊಡ್ಡಪ್ಪನ ಮನೆಯವರಿಗೂ ನಮಗೂ ಗಲಾಟೆ ಆಯಿತು. ಡ್ರಿಪ್ ಪೈಪು ಕಿತ್ತು ಹಾಕಿದರು ಅಂತ ಶುರುವಾದ ಮಾತು ಕೈ ಕೈ ಮಿಲಾಯಿಸುವವರೆಗೆ ಹೋಯಿತು. ತಮ್ಮ ಹೊಡೆದದ್ದು ನಿಜ. ದೊಡ್ಡಪ್ಪನ ಮಗನ ತುಟಿ ಒಡೆದು ಹೊಲಿಗೆ ಹಾಕಿಸಬೇಕಾಯಿತು. ಅವರು ಕಂಪ್ಲೇಂಟ್ ಕೊಟ್ಟರು, ನಾವೂ ಕೊಟ್ಟೆವು. ನಮ್ಮ ಕಡೆ ಅಪ್ಪ, ಚಿಕ್ಕಪ್ಪಂದಿರು, ನಾನು, ತಮ್ಮ, ಎಲ್ಲರ ಹೆಸರೂ ಎಫ್‌ಐಆರ್‌ನಲ್ಲಿ ಬಂತು. ಆಗಿನ ಐಪಿಸಿ 143, 147 (ಅಕ್ರಮ ಕೂಟ, ದೊಂಬಿ), 323 (ಹೊಡೆತ), 504, 506 (ಅವಮಾನ, ಬೆದರಿಕೆ), ಜೊತೆಗೆ 149 (ಗುಂಪಿನ ಎಲ್ಲರೂ ಹೊಣೆ). ಆಮೇಲೆ ಊರ ಹಿರಿಯರು ಕೂತು ಮಾತಾಡಿ, ಬದು ಅಳೆಸಿ ಕಲ್ಲು ನೆಡಿಸಿದರು. ಕೋರ್ಟಿನಲ್ಲಿ ಅವರ ಕಡೆಯ ಸಾಕ್ಷಿಗಳು ನಮ್ಮ ವಿರುದ್ಧ ಹೇಳಲಿಲ್ಲ. ಎಲ್ಲರಿಗೂ ಖುಲಾಸೆ ಆಯಿತು. ಈಗ ಎರಡೂ ಮನೆಯವರು ಚೆನ್ನಾಗಿದ್ದೇವೆ. ಇವನು ಕೋಚಿಂಗ್‌ಗೆ ಧಾರವಾಡಕ್ಕೆ ಹೋದಾಗ ರೂಮಿನ ಅಡ್ವಾನ್ಸ್ ಕಟ್ಟಿದವನು ಅದೇ ದೊಡ್ಡಪ್ಪನ ಮಗ.

ಊರಲ್ಲಿ ಒಬ್ಬರು "ಇಲ್ಲ ಅಂತ ಬರಿ, ಠಾಣೆಯಲ್ಲಿ ನಾನು ನೋಡ್ಕೋತೀನಿ" ಅಂತಿದ್ದಾರೆ. ಇನ್ನೊಬ್ಬರು ನಿಜ ಬರೆದರೆ ಆರ್ಡರ್ ಕೈಗೆ ಬರೋದೇ ಇಲ್ಲ ಅಂತ ಹೆದರಿಸುತ್ತಾರೆ. ಏನು ಬರೆಯಬೇಕು? ಆ ವಯಸ್ಸಿನಲ್ಲಿ ಆದ ಒಂದು ಜಗಳ ಜೀವನಪೂರ್ತಿ ಬೆನ್ನು ಹತ್ತಿ ಬರೋದು ಸರಿನಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಚಳ್ಳಕೆರೆ ಶೇಂಗಾ

ಮೊದಲು ತಮ್ಮನಿಗೆ ಅಭಿನಂದನೆ. ಇದ್ದದ್ದು ಇದ್ದ ಹಾಗೆ ಬರೆಯಲಿ.

ಪಿಜೆ ಬಡಾವಣೆ

ಬರೆದರೆ ಕೆಲಸ ಹೋಯಿತು ಅಂತಾನೇ ತಿಳ್ಕೊಳ್ಳಿ. ಖುಲಾಸೆ ಆದ ಮೇಲೆ ಕೇಸೇ ಇಲ್ಲ ಅಂತ ತಾನೇ ಅರ್ಥ? ಇಲ್ಲದ ಕೇಸಿಗೆ "ಇಲ್ಲ" ಅಂತ ಬರೆದರೆ ಸುಳ್ಳು ಹೇಗಾಗುತ್ತೆ? ನನ್ನ ಗೆಳೆಯ ಹಾಗೇ ಬರೆದು ಸರ್ವಿಸ್‌ನಲ್ಲಿದ್ದಾನೆ, ಯಾರೂ ಕೇಳಿಲ್ಲ.

ದುರ್ಗದ ವಕೀಲ

ಪಿಜೆ ಬಡಾವಣೆಯವರೇ, ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ. ಫಾರಂನಲ್ಲಿ "ದಾಖಲಾಗಿತ್ತೇ" ಅಂತ ಕೇಳಿದ್ದಾರೆ. ದಾಖಲಾಗಿತ್ತು. ಖುಲಾಸೆ ಆಯಿತು ಅನ್ನೋದು ಆಮೇಲಿನ ಮಾತು. ನನ್ನ ಹತ್ತಿರ ಬಂದ ಹುಡುಗರಲ್ಲಿ ಜಾಸ್ತಿ ಜನ ಸಿಕ್ಕಿಹಾಕಿಕೊಂಡದ್ದು ಹಳೇ ಕೇಸಿನಿಂದ ಅಲ್ಲ, ಅದನ್ನು ಮುಚ್ಚಿಟ್ಟದ್ದರಿಂದ.

ಈ ವಿಷಯದಲ್ಲಿ ಮುಖ್ಯವಾದ ತೀರ್ಪು 2016ರದ್ದು, ಅವತಾರ್ ಸಿಂಗ್ ವಿರುದ್ಧ ಭಾರತ ಸರ್ಕಾರ. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟದ್ದು. ಅದಕ್ಕೆ ಮುಂಚೆ ಒಂದೊಂದು ಪೀಠ ಒಂದೊಂದು ಥರ ಹೇಳುತ್ತಿತ್ತು, ಇವರು ಎಲ್ಲವನ್ನೂ ಒಟ್ಟಿಗೆ ನೋಡಿ ಸೂತ್ರ ಹಾಕಿಕೊಟ್ಟರು. ಅದರ ಸಾರ ಹೇಳ್ತೀನಿ. ಅಭ್ಯರ್ಥಿ ಕೊಡುವ ಮಾಹಿತಿ ನಿಜ ಇರಬೇಕು. ಮುಚ್ಚಿಟ್ಟ ವಿಷಯ ತೀರಾ ಸಣ್ಣದಾಗಿದ್ದರೆ, ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದ ಥರದ್ದಾಗಿದ್ದರೆ, ಇಲಾಖೆ ಅದನ್ನು ಮನ್ನಿಸಬಹುದು. ಫಾರಂನಲ್ಲಿ ಸ್ಪಷ್ಟವಾಗಿ ಕೇಳದ ವಿಷಯವನ್ನು ಮುಚ್ಚಿಟ್ಟ ಅಂತ ಆರೋಪಿಸುವ ಹಾಗಿಲ್ಲ. ಕೇಸು ಇದ್ದದ್ದೇ ಅವನಿಗೆ ಗೊತ್ತಿತ್ತೋ ಇಲ್ಲವೋ ಅನ್ನೋದನ್ನೂ ನೋಡಬೇಕು. ಕಾಯಂ ಆದ ನೌಕರನನ್ನು ಈ ಕಾರಣಕ್ಕೆ ತೆಗೆಯಬೇಕಾದರೆ ಇಲಾಖಾ ವಿಚಾರಣೆ ನಡೆಸಲೇಬೇಕು.

ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಮುಗಿದ ಕೇಸನ್ನು ಪ್ರಾಮಾಣಿಕವಾಗಿ ಬರೆದರೂ ಅಭ್ಯರ್ಥಿಯ ಪೂರ್ವಾಪರ ನೋಡುವ ಹಕ್ಕು ಇಲಾಖೆಗೆ ಇದ್ದೇ ಇದೆ. ನೇಮಕ ಮಾಡಲೇಬೇಕು ಅಂತ ಒತ್ತಾಯಿಸೋಕೆ ಆಗಲ್ಲ. ಹಾಗಾಗಿ ನಿಜ ಬರೆದರೆ ಗ್ಯಾರಂಟಿ ಇಲ್ಲ, ಆದರೆ ನಿಲ್ಲೋಕೆ ನೆಲ ಇರುತ್ತೆ. ಸುಳ್ಳು ಬರೆದರೆ ಅದೂ ಇರಲ್ಲ.

ನಿವೃತ್ತ ಎಚ್‌ಸಿ

ವಕೀಲರು ಸರಿಯಾಗಿ ಹೇಳಿದ್ದಾರೆ. ನಾನು ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿದ್ದಾಗ ಈ ವೆರಿಫಿಕೇಶನ್ ಕಾಗದಗಳನ್ನು ಹಿಡಿದು ಊರೂರು ಸುತ್ತಿದವನು. ನೇಮಕಾತಿ ಪ್ರಾಧಿಕಾರದಿಂದ ಎಸ್ಪಿ ಆಫೀಸಿಗೆ ಕಾಗದ ಬರುತ್ತೆ, ಅಲ್ಲಿಂದ ಠಾಣೆಗೆ. ಮೊದಲೆಲ್ಲ ರಿಜಿಸ್ಟರ್ ತಿರುವಿ ನೋಡಬೇಕಿತ್ತು, ಕಣ್ತಪ್ಪುವ ಸಂಭವ ಇತ್ತು. ಈಗ ಕಂಪ್ಯೂಟರಿನಲ್ಲಿ ಹೆಸರು, ತಂದೆ ಹೆಸರು ಹೊಡೆದರೆ ಎಲ್ಲಾ ಠಾಣೆಯದ್ದೂ ಬರುತ್ತೆ. ಅಷ್ಟೇ ಅಲ್ಲ, ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಯಾರು ಬೇಕಾದರೂ ಹೆಸರು ಹಾಕಿ ಹುಡುಕಬಹುದು. ಆಯ್ಕೆ ಪಟ್ಟಿಯಲ್ಲಿ ಕೆಳಗಿನ ರ‍್ಯಾಂಕಿನವನು ಹುಡುಕಿ ಅರ್ಜಿ ಹಾಕಿದ್ದೂ ನೋಡಿದ್ದೇನೆ.

"ಠಾಣೆಯಲ್ಲಿ ನೋಡ್ಕೋತೀನಿ" ಅನ್ನುವವನನ್ನು ದೂರ ಇಡಿ. ಕೆಲಸ ಕೊಡಬೇಕೋ ಬೇಡವೋ ಅನ್ನೋದು ಠಾಣೆ ಕೈಯಲ್ಲಿ ಇಲ್ಲ. ಠಾಣೆ ವರದಿ ಕೊಡುತ್ತೆ, ಅಷ್ಟೇ. ಸುಳ್ಳು ವರದಿ ಬರೆಸಿದರೆ ಇರುವ ಒಂದು ಮುಗಿದ ಕೇಸಿನ ಜೊತೆ ಹೊಸದೊಂದು ಸೇರುತ್ತೆ.

ಜಗಳೂರಿನವಳು

ನಾನು ಬೇರೆ ಮಾತು ಹೇಳ್ತೀನಿ, ಬೇಜಾರಾಗಬೇಡಿ. ನಾನೂ ಎಸ್‌ಡಿಎ, ಪಿಡಿಒ ಅಂತ ವರ್ಷಗಟ್ಟಲೆ ಓದುತ್ತಿದ್ದೇನೆ. ಯಾರ ತಂಟೆಗೂ ಹೋಗಿಲ್ಲ. ಅಣ್ಣ ಅವರೇ ಬರೆದಿದ್ದಾರೆ, ತಮ್ಮ ಹೊಡೆದದ್ದು ನಿಜ ಅಂತ. ಸಾಕ್ಷಿ ಹೇಳಲಿಲ್ಲ ಅಂತ ಖುಲಾಸೆ ಆಯಿತು. ಅರ್ಧ ಅಂಕಕ್ಕೆ ಹುದ್ದೆ ತಪ್ಪಿದವರು ಎಷ್ಟೋ ಜನ ಇದ್ದೇವೆ. ಒಂದೂ ಕೇಸಿಲ್ಲದ ಹುಡುಗಿ ಕಾಯ್ತಾ ಕೂರಬೇಕು, ಕೈ ಮಾಡಿದವನಿಗೆ ಅವಕಾಶ ಕೊಡಬೇಕು ಅಂದರೆ ನಮಗೇನು ನ್ಯಾಯ?

545 ಪಿಎಸ್‌ಐ ಹುದ್ದೆಯ ಪರೀಕ್ಷೆ ಹಗರಣದಲ್ಲಿ ಏನಾಯಿತು ನೋಡಿದ್ದೇವೆ. ಪ್ರಾಮಾಣಿಕವಾಗಿ ಬರೆದವರೂ 2024ರ ಜನವರಿಯಲ್ಲಿ ಮತ್ತೆ ಪರೀಕ್ಷೆ ಬರೆಯಬೇಕಾಯಿತು. ಸರ್ಕಾರಿ ಕೆಲಸಕ್ಕೆ ಬರುವವರ ನಡತೆ ನೋಡಲೇಬೇಕು, ಇದರಲ್ಲಿ ಸಡಿಲ ಬಿಡಬಾರದು.

ಚಳ್ಳಕೆರೆ ಶೇಂಗಾ

ತಂಗಿ, ಪರೀಕ್ಷೆಯಲ್ಲಿ ಬ್ಲೂಟೂತ್ ಇಟ್ಟು ಮೋಸ ಮಾಡಿದವನೂ ದಾಯಾದಿ ಜಗಳದಲ್ಲಿ ಕೈ ಎತ್ತಿದವನೂ ಒಂದೇನಾ? ಮೊದಲನೆಯವನು ಆ ಕೆಲಸಕ್ಕೇ ಮೋಸ ಮಾಡಿದ.

ಜಗಳೂರಿನವಳು

ಒಂದೇ ಅಂತ ಹೇಳಲಿಲ್ಲ ಅಣ್ಣ. ಆದರೆ ಎಲ್ಲಿ ಗೆರೆ ಎಳೀತೀರಿ? ಯಾರು ಎಳೀತಾರೆ? ಅದನ್ನು ಹೇಳಿ.

ಹಿರಿಯೂರು ಮೇಷ್ಟ್ರು

ಗೆರೆ ಎಳೆಯೋಕೆ ಮುಂಚೆ ನಮ್ಮ ಭಾಗದಲ್ಲಿ ಎಂಥೆಂಥ ಕೇಸು ಬೀಳುತ್ತೆ ನೋಡೋಣ. ಯುಗಾದಿ ಹಬ್ಬಕ್ಕೆ ಊರೆಲ್ಲ ಇಸ್ಪೀಟು ಆಡುತ್ತೆ. ಪೊಲೀಸರು ಬಂದು ಅರಳಿಕಟ್ಟೆ ಮೇಲೆ ಕೂತವರನ್ನು ಹಿಡೀತಾರೆ, ಕರ್ನಾಟಕ ಪೊಲೀಸ್ ಕಾಯ್ದೆ 1963ರ 87ನೇ ಸೆಕ್ಷನ್ ಹಾಕ್ತಾರೆ. ಕೋರ್ಟಿಗೆ ಹೋದರೆ "ತಪ್ಪು ಒಪ್ಪಿಕೊಂಡು ದಂಡ ಕಟ್ಟಿಬಿಡು, ಇವತ್ತೇ ಮುಗಿಯುತ್ತೆ" ಅಂತಾರೆ. ನನ್ನ ಹಳೇ ವಿದ್ಯಾರ್ಥಿಯೊಬ್ಬ ಹಾಗೇ ಕಟ್ಟಿ ಬಂದ. ಅವನ ಲೆಕ್ಕದಲ್ಲಿ ಅದು ಹೆಲ್ಮೆಟ್ ದಂಡದ ಹಾಗೆ. ಕಾನೂನಿನ ಲೆಕ್ಕದಲ್ಲಿ ಅದು ಅಪರಾಧ ಸಾಬೀತಾಗಿ ಶಿಕ್ಷೆ ಆದ ಹಾಗೆ! ಮುಂದೆ ಫಾರಂ ಬಂದಾಗ "ಶಿಕ್ಷೆ ಆಗಿಲ್ಲ" ಅಂತ ಬರೆದ. ಅವನಿಗೆ ಸುಳ್ಳು ಹೇಳುವ ಉದ್ದೇಶವೇ ಇರಲಿಲ್ಲ, ದಂಡ ಅಂದರೆ ಶಿಕ್ಷೆ ಅಂತ ಯಾರೂ ಹೇಳಿರಲಿಲ್ಲ. ವಿವರಣೆ ಕೇಳಿ ನೋಟಿಸ್ ಬಂದಾಗ ಆ ಹುಡುಗ ಫಾರಂನ ಜೆರಾಕ್ಸ್ ಹಿಡಿದು ನಮ್ಮ ಮನೆ ಜಗಲಿ ಮೇಲೆ ಕೂತಿದ್ದ, ಮಾತೇ ಹೊರಡುತ್ತಿರಲಿಲ್ಲ.

ಇನ್ನು ಹೋರಾಟದ ಕೇಸುಗಳು. ಭದ್ರಾ ಮೇಲ್ದಂಡೆ ನೀರಿಗೆ ನಮ್ಮ ಜಿಲ್ಲೆ ಎಷ್ಟು ವರ್ಷದಿಂದ ಬೀದಿಯಲ್ಲಿದೆ ಎಲ್ಲರಿಗೂ ಗೊತ್ತು. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಘೋಷಣೆ ಆಯಿತು, ಆಮೇಲೆ ಆ ಹಣ ಬಿಡುಗಡೆ ಮಾಡಿ ಅಂತ ಮತ್ತೆ ಹೋರಾಟ. ಹೆದ್ದಾರಿಯಲ್ಲಿ ಕೂತರೆ ಐಪಿಸಿ 341, 283, 143 (ದಾರಿ ತಡೆ, ಅಕ್ರಮ ಕೂಟ) ಹಾಕುತ್ತಿದ್ದರು. ನೀರು ಕೇಳೋಕೆ ಅಪ್ಪನ ಜೊತೆ ಹೋದ ಡಿಗ್ರಿ ಹುಡುಗನ ಹೆಸರೂ ಅದರಲ್ಲಿ ಸೇರಬಹುದು. ಇವನನ್ನು ನಡತೆ ಸರಿಯಿಲ್ಲದವನು ಅಂತ ಕರೆಯೋಕೆ ನನಗೆ ಮನಸ್ಸು ಒಪ್ಪಲ್ಲ.

ತೋಟದ ಮನೆ

ಹೋರಾಟದ ಕೇಸುಗಳನ್ನು ಸಂಪುಟ ಸಭೆಯಲ್ಲಿ ವಾಪಸ್ ತಗೋತಾರಲ್ಲ ಮೇಷ್ಟ್ರೇ?

ದುರ್ಗದ ವಕೀಲ

ಸಂಪುಟ ತೀರ್ಮಾನ ಮಾಡಿದ ಮಾತ್ರಕ್ಕೆ ಕೇಸು ಹೋಗಲ್ಲ. ಸರ್ಕಾರಿ ಅಭಿಯೋಜಕರು ಕೋರ್ಟಿಗೆ ಅರ್ಜಿ ಹಾಕಬೇಕು, ಕೋರ್ಟು ಒಪ್ಪಬೇಕು. ಅಲ್ಲಿವರೆಗೆ ಅದು ಬಾಕಿ ಕೇಸೇ.

ಮೇಷ್ಟ್ರು ಹೇಳಿದ ಇಸ್ಪೀಟಿನ ವಿಷಯ ತುಂಬಾ ಮುಖ್ಯ, ಓದುವ ಹುಡುಗರು ಗಮನಿಸಿ. ಇಂಥ ಸಣ್ಣ ಕೇಸಿನಲ್ಲಿ ತಪ್ಪು ಒಪ್ಪಿಕೊಳ್ಳುವುದೇ ಆದರೆ, ದಂಡ ಕಟ್ಟುವ ಬದಲು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ ಲಾಭ ಕೊಡಿ ಅಂತ ನ್ಯಾಯಾಧೀಶರನ್ನು ಕೇಳಿಕೊಳ್ಳಿ. ಮೊದಲ ಸಲದ ಸಣ್ಣ ತಪ್ಪಿಗೆ ಬುದ್ಧಿ ಹೇಳಿ ಬಿಡುವ ಅಧಿಕಾರ ಅವರಿಗೆ ಇದೆ. ಹಾಗೆ ಬಿಟ್ಟರೆ ಅದೇ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಆ ಶಿಕ್ಷೆಗೆ ಅಂಟಿಕೊಳ್ಳುವ ಅನರ್ಹತೆ ಅವನಿಗೆ ತಟ್ಟಲ್ಲ. ಸರ್ವಿಸ್‌ನಲ್ಲಿ ಇದ್ದವನು ಮಾತ್ರ ಇದನ್ನು ನಂಬಿ ಕೂರಬೇಡಿ. ಅವನ ನಡತೆ ನೋಡಿ ಇಲಾಖೆ ಕ್ರಮ ತಗೊಳ್ಳೋದನ್ನು 12ನೇ ಸೆಕ್ಷನ್ ತಡೆಯಲ್ಲ ಅಂತ ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ.

ಭರಮಸಾಗರ ಬಸ್ಸು

ನಮ್ಮ ಕಡೆ ಇಂಥ ಜಮೀನು ಜಗಳ ಆದರೆ ಸೋಮವಾರ ಸಿರಿಗೆರೆ ಮಠಕ್ಕೆ ಹೋಗ್ತಾರೆ. ಸದ್ಧರ್ಮ ನ್ಯಾಯಪೀಠದಲ್ಲಿ ರಾಜಿ ಆದರೆ ಅಲ್ಲಿಗೆ ಮುಗೀತು. ಕೋರ್ಟಿಗೆ ಹೋಗಿದ್ದೇ ತಪ್ಪು.

ದುರ್ಗದ ವಕೀಲ

ಮನಸ್ಸುಗಳು ಕೂಡೋಕೆ ಅದು ಒಳ್ಳೆಯದೇ. ಆದರೆ ಎಫ್‌ಐಆರ್ ಆಗಿದ್ದರೆ ಅಲ್ಲಿನ ರಾಜಿಯಿಂದ ಎಫ್‌ಐಆರ್ ಹೋಗಲ್ಲ. ರಾಜಿಯನ್ನು ಕೋರ್ಟಿನ ಮುಂದೆ ತರಬೇಕು. 323, 504, 506 ಇಷ್ಟೇ ಇದ್ದರೆ ಲೋಕ ಅದಾಲತ್‌ನಲ್ಲಿ ಮುಗಿಸಬಹುದು, ಹಾಗೆ ರಾಜಿಯಾದ ಕೇಸು ಕಾನೂನಿನ ಪ್ರಕಾರ ಖುಲಾಸೆಗೆ ಸಮ. ತೊಂದರೆ ಎಲ್ಲಿ ಅಂದರೆ, ಐದು ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಐಪಿಸಿ ಕಾಲದಲ್ಲಿ 143, 147, 149 ಸೇರುತ್ತಿತ್ತು. 143, 147 ರಾಜಿಯಾಗುವ ಪಟ್ಟಿಯಲ್ಲಿ ಇಲ್ಲ. ಕೂಡು ಕುಟುಂಬದ ಜಗಳದಲ್ಲಿ ಒಂದೊಂದು ಕಡೆ ಐದು ಗಂಡಸರು ಸೇರೋದು ಏನು ದೊಡ್ಡದು? ಆಮೇಲೆ ಬೆಂಗಳೂರಿಗೆ ಹೋಗಿ ಹೈಕೋರ್ಟಿನಲ್ಲಿ ಕೇಸು ರದ್ದು ಮಾಡಿಸಬೇಕು. ಅದಕ್ಕೆ ದುಡ್ಡಿಲ್ಲದವರು ಸಾಕ್ಷಿ ಹೇಳದೆ ಕೇಸು ಬೀಳಿಸ್ತಾರೆ. ಹೊಳಲ್ಕೆರೆಯವರ ಕೇಸಿನಲ್ಲೂ ಆಗಿದ್ದು ಅದೇ.

ಇಲ್ಲೇ ಇನ್ನೊಂದು ಮುಳ್ಳು ಇದೆ. ಸಾಕ್ಷಿ ತಿರುಗಿ ಬಿದ್ದು ಆದ ಖುಲಾಸೆಯನ್ನು ಕೋರ್ಟುಗಳು ಗೌರವಯುತ ಖುಲಾಸೆ (ಆರೋಪವೇ ಸುಳ್ಳು ಅಂತ ಆದ ಖುಲಾಸೆ) ಅಂತ ಒಪ್ಪಲ್ಲ. 2013ರ ಮೆಹರ್ ಸಿಂಗ್ ತೀರ್ಪು, 2021ರ ಮೇತು ಮೇಡಾ ತೀರ್ಪು ಎರಡರಲ್ಲೂ ಅಭ್ಯರ್ಥಿ ಸೋತ. ಆದರೆ ಅವೆರಡೂ ಸಮವಸ್ತ್ರದ ಹುದ್ದೆಗಳು. ಗುಮಾಸ್ತನ ಹುದ್ದೆಗೂ ಕೋವಿ ಹಿಡಿಯುವ ಹುದ್ದೆಗೂ ಒಂದೇ ಅಳತೆ ಇಡಬಾರದು ಅಂತ ನಾವು ವಾದಿಸಬಹುದು, ವಾದಿಸುತ್ತೇವೆ.

ಪಿಜೆ ಬಡಾವಣೆ

ಅಲ್ಲಾ ಸರ್, 2022ರಲ್ಲಿ ರೈಲ್ವೆ ರಕ್ಷಣಾ ದಳದ ಕಾನ್‌ಸ್ಟೆಬಲ್ ಒಬ್ಬನನ್ನು ವಾಪಸ್ ತಗೊಳ್ಳಿ ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ? ಅವನೂ ಕೇಸು ಬರೆದಿರಲಿಲ್ಲ. ಹಾಗಿದ್ದ ಮೇಲೆ ನಾನು ಹೇಳಿದ್ದರಲ್ಲಿ ಏನು ತಪ್ಪು?

ದುರ್ಗದ ವಕೀಲ

ಹೌದು, ಪವನ್ ಕುಮಾರ್ ಪ್ರಕರಣ. 2024ರಲ್ಲಿ ಉತ್ತರ ಪ್ರದೇಶದ ಕಾನ್‌ಸ್ಟೆಬಲ್ ರವೀಂದ್ರ ಕುಮಾರ್ ಅವರಿಗೂ ಹಾಗೇ ಸಿಕ್ಕಿತು. ಅದೇ 2022ರಲ್ಲಿ ಸತೀಶ್ ಚಂದ್ರ ಯಾದವ್ ಅನ್ನುವ ಸಿಆರ್‌ಪಿಎಫ್ ಅಭ್ಯರ್ಥಿಗೆ ಸಿಗಲಿಲ್ಲ. ಗೆದ್ದವರು ಎಷ್ಟು ವರ್ಷ ಕೋರ್ಟಿಗೆ ಅಲೆದರು ಅನ್ನೋದನ್ನೂ ನೋಡಿ. ರವೀಂದ್ರ ಕುಮಾರ್ 2004ರ ನೇಮಕಾತಿಯವರು. ಇಪ್ಪತ್ತು ವರ್ಷ! ಹೊಳಲ್ಕೆರೆ ಹುಡುಗನಿಗೆ ಆ ದಾರಿ ತೋರಿಸ್ತೀರಾ?

ಸಿಬ್ಬಂದಿ ಶಾಖೆ

ನಾನು ದಾವಣಗೆರೆ ಜಿಲ್ಲೆಯ ಒಂದು ಕಚೇರಿಯಲ್ಲಿ ಸಿಬ್ಬಂದಿ ಶಾಖೆ ನೋಡಿಕೊಂಡು ಸೂಪರಿಂಟೆಂಡೆಂಟ್ ಆಗಿ ನಿವೃತ್ತಿ ಆದವಳು. ಮೇಜಿನ ಈ ಕಡೆ ಏನಾಗುತ್ತೆ ಅನ್ನೋದನ್ನು ಯಾರೂ ಹೇಳುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಠಾಣೆಯಿಂದ ವರದಿ ಬರುತ್ತೆ. "ಸದರಿಯವರ ಮೇಲೆ ಇಂಥ ಅಪರಾಧ ಸಂಖ್ಯೆಯ ಪ್ರಕರಣ ದಾಖಲಾಗಿ ಖುಲಾಸೆಯಾಗಿರುತ್ತದೆ" ಅಂತ ಎರಡು ಸಾಲು. ಕೇಸ್ ವರ್ಕರ್ ಅದನ್ನು ಕಡತಕ್ಕೆ ಸೇರಿಸಿ, "ಮುಂದಿನ ಆದೇಶಕ್ಕೆ ಮಂಡಿಸಿದೆ" ಅಂತ ಟಿಪ್ಪಣಿ ಬರೆದು ಮೇಲೆ ಕಳಿಸುತ್ತಾನೆ. ಮೇಲಿನವರಿಗೆ ಭಯ. ನೇಮಕ ಕೊಟ್ಟು ನಾಳೆ ಏನಾದರೂ ಆದರೆ ಯಾರು ಜವಾಬ್ದಾರಿ? ಕೊಡದೆ ಇದ್ದರೆ ಯಾರೂ ಕೇಳಲ್ಲ, ಹುಡುಗ ಅಳುತ್ತಾ ಹೋಗ್ತಾನೆ. ಹಾಗಾಗಿ "ಅಭಿಪ್ರಾಯ ಕೋರಿ" ಕಡತ ಇನ್ನೂ ಮೇಲಿನ ಕಚೇರಿಗೆ ಹೋಗುತ್ತೆ. ಅಲ್ಲಿಂದ ನಿಯಮಾನುಸಾರ ಕ್ರಮ ವಹಿಸಿ ಅಂತ ಒಂದು ಸಾಲು ವಾಪಸ್ ಬರುತ್ತೆ. ಯಾವ ನಿಯಮ, ಏನು ಕ್ರಮ, ಅದರಲ್ಲಿ ಇರಲ್ಲ. ಜೊತೆಯವರೆಲ್ಲ ಡ್ಯೂಟಿ ರಿಪೋರ್ಟ್ ಮಾಡಿಕೊಂಡು ಸಂಬಳ ತಗೊಳ್ಳುತ್ತಿರುತ್ತಾರೆ, ಇವನ ಹೆಸರಿನ ಮುಂದೆ "ತಡೆಹಿಡಿಯಲಾಗಿದೆ" ಅಂತ ಇರುತ್ತೆ. ಜ್ಯೇಷ್ಠತೆಯೂ ಹೋಯಿತು.

1977ರ ಸಾಮಾನ್ಯ ನೇಮಕಾತಿ ನಿಯಮಗಳಲ್ಲಿ ನಡತೆ ಬಗ್ಗೆ ನೇಮಕಾತಿ ಪ್ರಾಧಿಕಾರಕ್ಕೆ ತೃಪ್ತಿ ಆಗಬೇಕು ಅಂತ ಇದೆ. ಆ ತೃಪ್ತಿ ಹೇಗೆ ಆಗಬೇಕು? ಕೋರ್ಟಿನ ತೀರ್ಪಿನ ಪ್ರತಿ ತರಿಸಿ ಓದಿದರಾ? ಆಗ ಅವನ ವಯಸ್ಸು ಎಷ್ಟು ಅಂತ ನೋಡಿದರಾ? ಆ ಕೇಸಿಗೂ ಈ ಹುದ್ದೆಯ ಕೆಲಸಕ್ಕೂ ಏನು ಸಂಬಂಧ ಅಂತ ಬರೆದರಾ? ನಾನು ನೋಡಿದ ಕಡತಗಳಲ್ಲಿ ತೀರ್ಪಿನ ಪ್ರತಿ ಇಟ್ಟು ಓದಿ ಬರೆದದ್ದು ಬಹಳ ಕಮ್ಮಿ. ಜಗಳೂರಿನ ಹುಡುಗಿ ಗೆರೆ ಯಾರು ಎಳೀತಾರೆ ಅಂತ ಕೇಳಿದಳಲ್ಲ, ಅದೇ ಸರಿಯಾದ ಪ್ರಶ್ನೆ. ಈಗ ಗೆರೆ ಎಳೆಯೋದು ಭಯ. ಕಾರಣ ಬರೆದು, ಅಭ್ಯರ್ಥಿಯ ಮಾತು ಕೇಳಿ, ಇಂತಿಷ್ಟು ದಿನದಲ್ಲಿ ತೀರ್ಮಾನ ಮಾಡಬೇಕು ಅಂತ ಕಡ್ಡಾಯ ಮಾಡಿದರೆ ಸೆಕ್ಷನ್ ನೋಡಿಯೇ ಬೇಡ ಅನ್ನೋಕೆ ಆಗಲ್ಲ. ನಿಜವಾಗಿ ಬೇಡದವನನ್ನು ಬೇಡ ಅನ್ನೋಕೂ ಧೈರ್ಯ ಬರುತ್ತೆ.

ಹಿರಿಯೂರು ಮೇಷ್ಟ್ರು

ಅಮ್ಮಾ, ಇದನ್ನು ಪ್ರಿಂಟ್ ತೆಗೆದು ಪ್ರತಿ ಕಚೇರಿಯಲ್ಲಿ ಅಂಟಿಸಬೇಕು.

ಹರಿಹರ ಸೇತುವೆ

ಶಾಸಕರು, ಸಂಸದರ ಮೇಲೆ ಎಷ್ಟು ಕೇಸಿದ್ದರೂ ಚುನಾವಣೆಗೆ ನಿಲ್ಲಬಹುದು. ಶಿಕ್ಷೆ ಆಗೋವರೆಗೂ ಅಡ್ಡಿ ಇಲ್ಲ. ಅಟೆಂಡರ್ ಆಗೋಕೆ ಮಾತ್ರ ಎಫ್‌ಐಆರ್ ಕೂಡ ಇರಬಾರದು. ಇದಕ್ಕೆ ಏನಂತೀರಿ?

ನಿವೃತ್ತ ಎಚ್‌ಸಿ

ಅವರನ್ನು ಬಿಗಿ ಮಾಡಿ ಅಂತ ಕೇಳೋಣ. ಅವರಿಗಿಲ್ಲ, ಹಾಗಾಗಿ ಇಲ್ಲೂ ಬೇಡ ಅಂದರೆ ಒಪ್ಪಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 8ನೇ ಸೆಕ್ಷನ್‌ನಲ್ಲೂ ಎರಡು ವರ್ಷ ಅಥವಾ ಜಾಸ್ತಿ ಶಿಕ್ಷೆ ಆದರೆ, ಜೈಲಿಂದ ಬಿಡುಗಡೆಯಾಗಿ ಆರು ವರ್ಷದವರೆಗೂ ನಿಲ್ಲೋ ಹಾಗಿಲ್ಲ.

ಸಿಬ್ಬಂದಿ ಶಾಖೆ

ನೋಡಿ, ಅಲ್ಲಿ ಆರು ವರ್ಷ ಅಂತ ಒಂದು ಅವಧಿ ಆದರೂ ಇದೆ. ನೌಕರಿ ಫಾರಂಗೆ ಅವಧಿಯೇ ಇಲ್ಲ. "ಎಂದಾದರೂ" ಅಂತ ಕೇಳುತ್ತೆ.

ವಿದ್ಯಾನಗರ ಟು ಡಲ್ಲಾಸ್

ನಾನು ದಾವಣಗೆರೆಯವನು, ಈಗ ಅಮೆರಿಕದಲ್ಲಿ ಇದ್ದೇನೆ. ಇಲ್ಲಿ ಈ ವಿಷಯಕ್ಕೆ ದೊಡ್ಡ ಚಳವಳಿಯೇ ಆಗಿದೆ. ಅರ್ಜಿಯಲ್ಲಿ "ಶಿಕ್ಷೆ ಆಗಿದೆಯಾ" ಅಂತ ಟಿಕ್ ಹಾಕುವ ಚೌಕ ಇರುತ್ತಿತ್ತು. ಆ ಚೌಕ ತೆಗೆಯಿರಿ ಅನ್ನೋದು ಬೇಡಿಕೆ. ಹವಾಯಿ ರಾಜ್ಯ 1998ರಲ್ಲೇ ಕಾನೂನು ಮಾಡಿತು. 2019ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಕೆಲಸಗಳಿಗೂ ಕಾನೂನು ಬಂತು, 2021ರ ಡಿಸೆಂಬರಿನಿಂದ ಜಾರಿ. ಷರತ್ತಿನ ಮೇಲೆ ಕೆಲಸ ಕೊಡ್ತೀವಿ ಅಂತ ಹೇಳುವವರೆಗೂ ಹಳೇ ಅಪರಾಧದ ವಿಷಯ ಕೇಳೋ ಹಾಗಿಲ್ಲ. ಸರ್ಕಾರದ ಗುತ್ತಿಗೆದಾರರಿಗೂ ಅನ್ವಯ. ಪೊಲೀಸ್, ದೇಶದ ಭದ್ರತೆಯಂಥ ಹುದ್ದೆಗಳಿಗೆ ವಿನಾಯಿತಿ ಇದೆ. ಮೊದಲು ಅರ್ಹತೆ ನೋಡಿ, ಆಮೇಲೆ ಹಳೆಯದನ್ನು ನೋಡಿ. ನಮ್ಮಲ್ಲೂ ಹೀಗೆ ಮಾಡಬೇಕು.

ಸಿಬ್ಬಂದಿ ಶಾಖೆ

ನಮ್ಮಲ್ಲಿ ಆಗುತ್ತಿರುವುದೂ ಹೆಚ್ಚು ಕಡಿಮೆ ಹಾಗೇ ಅಲ್ವಾ? ಪರೀಕ್ಷೆ, ಮೆರಿಟ್, ಆಯ್ಕೆ ಪಟ್ಟಿ ಎಲ್ಲಾ ಆದ ಮೇಲೆ ವೆರಿಫಿಕೇಶನ್. ಹೊಳಲ್ಕೆರೆ ಹುಡುಗನ ತಮ್ಮ ಸಿಕ್ಕಿಕೊಂಡಿರುವುದು ಕೊನೆ ಮೆಟ್ಟಿಲಲ್ಲಿ. ಯಾವಾಗ ಕೇಳುತ್ತಾರೆ ಅನ್ನೋದಕ್ಕಿಂತ ಕೇಳಿದ ಮೇಲೆ ಹೇಗೆ ತೀರ್ಮಾನ ಮಾಡುತ್ತಾರೆ ಅನ್ನೋದು ನಮ್ಮ ಸಮಸ್ಯೆ.

ವಿದ್ಯಾನಗರ ಟು ಡಲ್ಲಾಸ್

ಒಪ್ಪುತ್ತೇನೆ ಮೇಡಂ. ಚೌಕ ತೆಗೆದರೆ ಸಾಕು ಅಂತ ಇಲ್ಲೂ ಇಲ್ಲ. ನ್ಯೂಜೆರ್ಸಿ, ನ್ಯೂಯಾರ್ಕ್‌ನಲ್ಲಿ ಸಂಶೋಧಕರು ಸುಳ್ಳು ಅರ್ಜಿ ಹಾಕಿ ನೋಡಿದಾಗ, ಚೌಕ ತೆಗೆದ ಮೇಲೆ ಕಪ್ಪು ಯುವಕರಿಗೂ ಬಿಳಿಯರಿಗೂ ಕಂಪನಿಯಿಂದ ಬರುವ ಕರೆಯಲ್ಲಿನ ಅಂತರ ಜಾಸ್ತಿ ಆಗಿತ್ತು. ಕೇಳೋಕೆ ಆಗದಿದ್ದಾಗ ಹೆಸರು ನೋಡಿ ಊಹೆ ಮಾಡಿದರು. ನಮ್ಮಲ್ಲಿ ಹೆಸರು, ಊರು, ಜಾತಿ ನೋಡಿ ಏನೇನು ಊಹೆ ಮಾಡ್ತಾರೆ ನಾನು ಹೇಳಬೇಕಿಲ್ಲ. ಬ್ರಿಟನ್ನಿನಲ್ಲಿ 1974ರಿಂದ ಒಂದು ಕಾಯ್ದೆ ಇದೆ. ಶಿಕ್ಷೆ ಮುಗಿದು ನಿಗದಿತ ಅವಧಿ ತಪ್ಪು ಮಾಡದೆ ಕಳೆದರೆ, ಹೆಚ್ಚಿನ ಕೆಲಸಗಳಿಗೆ ಆ ಹಳೆಯದನ್ನು ಹೇಳಬೇಕಾಗಿಲ್ಲ. ಅದು ನಮಗೆ ಹೆಚ್ಚು ಹೊಂದುತ್ತೆ ಅನ್ನಿಸುತ್ತೆ.

ಹಾಸ್ಟೆಲ್ ಅಕ್ಕ

ಎಲ್ಲರದ್ದೂ ಓದಿದೆ. ನಾನು ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ಅಡುಗೆ ಕೆಲಸದವಳು. ಒಂದು ಮಾತು ಹೇಳಲೇಬೇಕು. ಮಕ್ಕಳ ಮೇಲೆ ಕೈ ಹಾಕಿದವನಿಗೆ ಶಾಲೆ, ಹಾಸ್ಟೆಲ್, ಅಂಗನವಾಡಿ ಹತ್ತಿರ ಯಾವ ಕೆಲಸವೂ ಬೇಡ. ಎಷ್ಟೇ ವರ್ಷ ಆಗಿರಲಿ. ಅದರಲ್ಲಿ ಮರುಕ ತೋರಿಸಬೇಡಿ.

ದುರ್ಗದ ವಕೀಲ

ಅಕ್ಕ, ನೂರಕ್ಕೆ ನೂರು. 2020ರ ಪೋಕ್ಸೊ ನಿಯಮಗಳಲ್ಲೇ ಇದೆ, ಮಕ್ಕಳ ಜೊತೆ ಒಡನಾಡುವ ಸಂಸ್ಥೆಗಳು ಪ್ರತಿ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಬೇಕು, ಆಗಾಗ ಮಾಡಿಸುತ್ತಿರಬೇಕು. ಕೆಲಸಕ್ಕೂ ಕೇಸಿಗೂ ಇರುವ ಸಂಬಂಧ ನೋಡಿ ಅಂದರೆ ಹೀಗೆ ಎರಡೂ ಕಡೆ ಕೆಲಸ ಮಾಡುತ್ತೆ. ಲಂಚ ತಗೊಂಡು ಶಿಕ್ಷೆ ಆದವನಿಗೆ ಖಜಾನೆ ಕೀಲಿ ಕೊಡೋದೂ ಬೇಡ.

ಎಪಿಎಂಸಿ ಗೇಟ್

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನೀವೆಲ್ಲ ಸಣ್ಣ ಕೇಸು, ಖುಲಾಸೆ ಆದ ಕೇಸು ಅಂತ ಮಾತಾಡುತ್ತಿದ್ದೀರಿ. ನಿಜವಾಗಿ ತಪ್ಪು ಮಾಡಿ ಜೈಲಿಗೆ ಹೋಗಿ ಬಂದವರ ಬಗ್ಗೆ ಯಾರೂ ಮಾತಾಡಲ್ಲ.

ನಮ್ಮ ಅಪ್ಪ ಹೋಗಿ ಬಂದವರು. ಏನು ಮಾಡಿದರು ಅಂತ ಇಲ್ಲಿ ಬರೆಯಲ್ಲ, ಸಣ್ಣದಲ್ಲ. ಶಿಕ್ಷೆ ಪೂರ್ತಿ ಅನುಭವಿಸಿದರು. ಒಳಗೆ ನೇಯ್ಗೆ ಕಲಿತು ಬಂದರು. ಹೊರಗೆ ಬಂದ ಮೇಲೆ ಒಂದು ಸರ್ಕಾರಿ ಕಚೇರಿಗೆ ಹೊರಗುತ್ತಿಗೆಯಲ್ಲಿ ರಾತ್ರಿ ಕಾವಲಿಗೆ ಕೇಳೋಕೆ ಹೋದರು. ಏಜೆನ್ಸಿಯವರು ಪೊಲೀಸ್ ಪ್ರಮಾಣಪತ್ರ ತನ್ನಿ ಅಂದರು. ಸರಿ, ಕಾವಲು ಕೆಲಸ, ಅವರು ಕೇಳಿದ್ದು ಅರ್ಥ ಆಗುತ್ತೆ. ಆಮೇಲೆ ಪಾರ್ಕಿನಲ್ಲಿ ಗಿಡಕ್ಕೆ ನೀರು ಹಾಕುವ ಕೆಲಸ ಕೇಳಿದರು. ಅದಕ್ಕೂ ಅದೇ ಪ್ರಮಾಣಪತ್ರ. ಈಗ ಬೆಳಗಿನ ಜಾವ ಯಾರ್ಡಿಗೆ ಹೋಗಿ ಮೆಕ್ಕೆಜೋಳದ ಚೀಲ ಹೊರುತ್ತಾರೆ. ಅಲ್ಲಿ ಯಾರೂ ಕಾಗದ ಕೇಳಲ್ಲ. ಆ ವಯಸ್ಸಿನಲ್ಲಿ ಚೀಲ ಎತ್ತುವಾಗ ಮೊಣಕಾಲು ನಡುಗುವುದು ನೋಡಿದರೆ ನನಗೆ ಊಟ ಸೇರಲ್ಲ.

ಜೈಲಿನಲ್ಲಿ ದುಡಿಸಿಕೊಳ್ಳೋಕೆ ಸರ್ಕಾರಕ್ಕೆ ಈ ಮನುಷ್ಯ ಆಗುತ್ತಾನೆ. ಹೊರಗೆ ಬಂದ ಮೇಲೆ ಗಿಡಕ್ಕೆ ನೀರು ಹಾಕೋಕೂ ಆಗಲ್ಲ. ಪೊಲೀಸ್ ಕೆಲಸ ಕೊಡಿ ಅಂತ ನಾನು ಕೇಳುತ್ತಿಲ್ಲ. ಮಣ್ಣು, ನೀರು, ಗಿಡದ ಕೆಲಸ ಕೊಡಿ ಅಂತ ಕೇಳುತ್ತಿದ್ದೇನೆ.

ಜಗಳೂರಿನವಳು

ಅಣ್ಣ, ನಿಮ್ಮದು ಓದಿ ಸುಮ್ಮನಿರೋಕೆ ಆಗಲಿಲ್ಲ. ಗ್ರೂಪ್ ಸಿ ಹುದ್ದೆ ಬಗ್ಗೆ ನನ್ನ ಮಾತು ಈಗಲೂ ಅದೇ, ಇಬ್ಬರ ಅಂಕ ಸಮ ಇದ್ದರೆ ಕೇಸಿಲ್ಲದವರಿಗೆ ಮೊದಲು ಕೊಡಲಿ. ಆದರೆ ಶಿಕ್ಷೆ ಮುಗಿಸಿದವರಿಗೆ ಇಂಥ ಕೆಲಸ ಕೂಡ ಕೊಡಲ್ಲ ಅಂದರೆ ಅವರು ಎಲ್ಲಿಗೆ ಹೋಗಬೇಕು?

ಹಿರಿಯೂರು ಮೇಷ್ಟ್ರು

ತೆಲಂಗಾಣದಲ್ಲಿ ಬಂದೀಖಾನೆ ಇಲಾಖೆಯೇ ಪೆಟ್ರೋಲ್ ಬಂಕ್ ನಡೆಸಿ, ಬಿಡುಗಡೆ ಆದವರನ್ನೂ ಕೆಲಸಕ್ಕೆ ಇಟ್ಟುಕೊಳ್ಳುತ್ತೆ. ಹೈದರಾಬಾದಿನ ಚಂಚಲಗುಡ ಜೈಲಿನ ಹತ್ತಿರದ ಬಂಕ್ ಎಲ್ಲರಿಗೂ ಗೊತ್ತು. ದುಡ್ಡು ಎಣಿಸುವ ಕೆಲಸ ಅದು, ನಂಬಿ ಕೊಟ್ಟಿದ್ದಾರೆ. ನಮ್ಮ ದಾವಣಗೆರೆ, ದುರ್ಗದಲ್ಲಿ ಪಾಲಿಕೆ, ನಗರಸಭೆಯ ಪಾರ್ಕು, ನರ್ಸರಿಗಳಲ್ಲಿ ಈ ಥರ ಒಂದಿಷ್ಟು ಕೆಲಸ ಕಾದಿಟ್ಟರೆ ಯಾರಿಗೂ ಅನ್ಯಾಯ ಆಗಲ್ಲ.

ತೋಟದ ಮನೆ

@ಎಪಿಎಂಸಿ ಗೇಟ್, ನೀವು ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದರೆ ಅಪ್ಪನ ಕೇಸು ಅಡ್ಡ ಬರುತ್ತಾ?

ನಿವೃತ್ತ ಎಚ್‌ಸಿ

ಬರಬಾರದು. ಫಾರಂ ಕೇಳೋದು ಅಭ್ಯರ್ಥಿಯದ್ದು. ಮಗನ ಮೇಲೆ ಕೇಸಿಲ್ಲ ಅಂದರೆ ಇಲ್ಲ ಅಂತಲೇ ವರದಿ ಹೋಗಬೇಕು. ಬೀಟ್‌ನವರು ಅಪ್ಪನ ವಿಷಯ ಎತ್ತಿದರೆ ಇನ್ಸ್‌ಪೆಕ್ಟರ್ ಹತ್ತಿರ ನೇರವಾಗಿ ಹೋಗಿ ಮಾತಾಡು ಮಗಾ, ಹಿಂಜರಿಯಬೇಡ.

ಹೊಳಲ್ಕೆರೆ ಹುಡುಗ

ಎಲ್ಲರಿಗೂ ಕೈ ಮುಗಿದು ಧನ್ಯವಾದ. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಿಜವನ್ನೇ ಬರೆಯೋದು ಅಂತ ತಮ್ಮ ತೀರ್ಮಾನ ಮಾಡಿದ್ದಾನೆ. ದೊಡ್ಡಪ್ಪನ ಮಗ ತಾನೂ ಒಂದು ಪ್ರಮಾಣಪತ್ರ ಮಾಡಿಸಿ ಕೊಡ್ತೀನಿ, ಇವನ ಮೇಲೆ ನನಗೇನೂ ದೂರಿಲ್ಲ ಅಂತ ಬರೀತೀನಿ ಅಂದ. ಅದು ನಡೆಯುತ್ತಾ ಸರ್? ತೀರ್ಪಿನ ಪ್ರತಿ ನಮ್ಮ ಹತ್ತಿರ ಇಲ್ಲ, ಏನು ಮಾಡಬೇಕು?

ದುರ್ಗದ ವಕೀಲ

ಕೇಸು ನಡೆದ ಕೋರ್ಟಿನಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಎಫ್‌ಐಆರ್, ದೋಷಾರೋಪಣ ಪಟ್ಟಿ, ತೀರ್ಪು ಮೂರೂ ತಗೊಳ್ಳಿ. ಫಾರಂನಲ್ಲಿ ಅಪರಾಧ ಸಂಖ್ಯೆ, ಠಾಣೆ, ಕೋರ್ಟಿನ ಕೇಸ್ ನಂಬರ್ (ಸಿ.ಸಿ.), ಖುಲಾಸೆಯಾದ ತಾರೀಕು ಪೂರ್ತಿ ಬರೆಯಿರಿ. ಕಲಂನಲ್ಲಿ ಜಾಗ ಸಾಲದಿದ್ದರೆ "ಪ್ರತ್ಯೇಕ ಹಾಳೆ ಲಗತ್ತಿಸಿದೆ" ಅಂತ ಬರೆದು ಸಹಿ ಮಾಡಿ. ದೊಡ್ಡಪ್ಪನ ಮಗನ ಪ್ರಮಾಣಪತ್ರ ಇಡಿ, ಒಳ್ಳೆಯದೇ, ಆದರೆ ತೂಕ ಇರೋದು ತೀರ್ಪಿಗೆ. ಆಗಿನ ವಯಸ್ಸು, ಅದು ದಾಯಾದಿಗಳ ಜಮೀನು ತಕರಾರು, ಆಮೇಲೆ ಬೇರೆ ಯಾವ ಕೇಸೂ ಇಲ್ಲ ಅನ್ನೋ ಮೂರು ಮಾತು ಆ ಹಾಳೆಯಲ್ಲಿ ಇರಲಿ.

ಸಿಬ್ಬಂದಿ ಶಾಖೆ

ಎಲ್ಲದರ ಇನ್ನೊಂದು ಸೆಟ್ ಮಾಡಿಸಿ, ಅದರ ಮೇಲೆ ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಮನೆಯಲ್ಲಿ ಇಡಿ. ಇದನ್ನು ಮರೆಯಲೇಬೇಡಿ. ತಡವಾದರೆ ಬಾಯಲ್ಲಿ ವಿಚಾರಿಸಬೇಡಿ, ಲಿಖಿತವಾಗಿ ಮನವಿ ಕೊಟ್ಟು ಅದಕ್ಕೂ ಮುದ್ರೆ ಹಾಕಿಸಿ. ನಿರಾಕರಿಸಿದರೆ ಕಾರಣ ಸಹಿತ ಆದೇಶ ಕೇಳಿ. ಆ ಆದೇಶ ಕೈಯಲ್ಲಿದ್ದರೆ ಬೆಂಗಳೂರಿನ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು.

ಪಿಜೆ ಬಡಾವಣೆ

ಒಳ್ಳೆಯದಾಗಲಿ ನಿಮ್ಮ ತಮ್ಮನಿಗೆ. ಆರ್ಡರ್ ಬಂದರೆ ಇಲ್ಲೇ ತಿಳಿಸಿ.

ಮೊಳಕಾಲ್ಮೂರು ರೇಷ್ಮೆ

ಸರ್, ತಡವಾಗಿ ಬಂದೆ. ನಮ್ಮ ಅಕ್ಕನ ಮಗನಿಗೆ 16 ವರ್ಷ ಇದ್ದಾಗ ಬೈಕ್ ಕಳವಿನ ಕೇಸಿನಲ್ಲಿ ಹೆಸರು ಬಂದು ಬಾಲ ನ್ಯಾಯ ಮಂಡಳಿಯಲ್ಲಿ ಮುಗಿಯಿತು. ಈಗ ಡಿಗ್ರಿ ಮುಗಿಸಿದ್ದಾನೆ, ಸರ್ಕಾರಿ ಕೆಲಸ ನಿನಗೆ ಸಿಗಲ್ಲ ಅಂತ ಯಾರೋ ಹೇಳಿದ್ದಕ್ಕೆ ಓದೋದನ್ನೇ ಬಿಟ್ಟಿದ್ದಾನೆ.

ದುರ್ಗದ ವಕೀಲ

ಹೇಳಿದವರಿಗೆ ಕಾನೂನು ಗೊತ್ತಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಅವನಿಗೆ ಯಾವ ಅನರ್ಹತೆಯೂ ಇಲ್ಲ. ಮೇಲ್ಮನವಿ ಅವಧಿ ಮುಗಿದ ಮೇಲೆ ಆ ದಾಖಲೆಯನ್ನೇ ನಾಶ ಮಾಡಬೇಕು ಅಂತಲೂ ಇದೆ. 16 ದಾಟಿದವರು ಘೋರ ಅಪರಾಧ ಮಾಡಿ ಮಕ್ಕಳ ನ್ಯಾಯಾಲಯದಲ್ಲಿ ವಯಸ್ಕರಂತೆ ವಿಚಾರಣೆ ಆಗಿ ತಪ್ಪಿತಸ್ಥರಾದರೆ ಮಾತ್ರ ಬೇರೆ. ಬೈಕ್ ಕಳವು ಆ ಸಾಲಿಗೆ ಬರಲ್ಲ. 2019ರಲ್ಲಿ ಸಿಐಎಸ್‌ಎಫ್ ನೇಮಕಾತಿಯ ರಮೇಶ್ ಬಿಷ್ಣೋಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಭ್ಯರ್ಥಿಯ ಪರವಾಗಿ ಹೇಳಿದೆ. ಮಂಡಳಿಯ ಆದೇಶದ ಪ್ರತಿ ಇದ್ದರೆ ತಗೊಂಡು ಒಂದು ದಿನ ಬನ್ನಿ, ದಾಖಲೆ ನಾಶ ಆಗಿದೆಯಾ ಅಂತ ಮೊದಲು ನೋಡೋಣ. ಹುಡುಗನಿಗೆ ಪುಸ್ತಕ ತೆಗೆಯೋಕೆ ಹೇಳಿ.